ದೊಡ್ಡಮ್ಮ ಬೂದಿಯನ್ನು ಕೇಳಿದ್ದು

ನಮ್ಮ ದೊಡ್ಡಮ್ಮ ಸೂಲಗಿತ್ತಿ. ಊರಿನ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. ಅದಕ್ಕೇ ಯಾರನ್ನು ಬೇಕಾದರೂ ಬೈಯುವ ಹಕ್ಕು ತನಗಿದೆ ಎಂದುಕೊಂಡಿದ್ದಳು. ಅವಳಿಗೆ ಎದುರಾಡುತ್ತಿದ್ದವಳು ಬೂದಿ ಒಬ್ಬಳೇ. ಬೂದಿ ಅವಳ ಕುದುರೆ. ನಮ್ಮ ಕಡೆಯ ಕುದುರೆಗಳಿಗೆ ಮಾತು ಬಾರದು, ಆದರೆ ನಾವಾಡುವುದೆಲ್ಲ ಅರ್ಥವಾಗುತ್ತದೆ. ಹೌದೆನ್ನಲು ಒಂದು ಸಲ, ಇಲ್ಲವೆನ್ನಲು ಎರಡು ಸಲ ಗೊರಸು ಕುಟ್ಟುತ್ತವೆ. ಅವುಗಳಿಗೆ ಕಡಿವಾಣ ಹಾಕುವ ಪದ್ಧತಿಯಿಲ್ಲ. ಸವಾರ ಕೇಳಬೇಕು, ಕುದುರೆ ಹೇಳಬೇಕು. ಹೊಡೆದರಂತೂ ಮುಗಿಯಿತು, ಆ ಕುದುರೆ ಮತ್ತೆ ಬೆನ್ನು ಕೊಡುವುದಿಲ್ಲ.

ಹೊಳೆಯಾಚೆಯ ಮನೆಯಲ್ಲಿ ಅಕ್ಕನಿಗೆ, ಎಂದರೆ ದೊಡ್ಡಮ್ಮನ ಒಬ್ಬಳೇ ಮಗಳಿಗೆ, ನೋವು ಶುರುವಾಗಿತ್ತು. ಮಗು ಅಡ್ಡ ತಿರುಗಿತ್ತು. ನಾನು ಮರದ ಸೇತುವೆ ದಾಟಿ ಓಡಿಬಂದು ದೊಡ್ಡಮ್ಮನನ್ನು ಕರೆದೆ. ಇಬ್ಬರೂ ಬೂದಿಯನ್ನೇರಿ ಹೊರಟೆವು. ಸೇತುವೆಗೆ ಬರುವಷ್ಟರಲ್ಲಿ ಹೊಳೆ ಏರಿ ಹಲಗೆಗಳನ್ನು ನೆಕ್ಕುತ್ತಿತ್ತು. ಬೂದಿ ನಿಂತುಬಿಟ್ಟಳು.

"ದಾಟೋಣ್ವೇನೇ?" ಎಂದಳು ದೊಡ್ಡಮ್ಮ.

ಗೊರಸು ಎರಡು ಸಲ ಕುಟ್ಟಿತು.

"ಅಲ್ಲಿ ನನ್ನ ಮಗಳು ಸಾಯ್ತಿದ್ದಾಳೆ ಕಣೇ! ಸರಿಯಾಗಿ ನೋಡಿ ಹೇಳು, ದಾಟೋಣ್ವಾ?"

ಮತ್ತೆ ಎರಡು ಸಲ.

ದೊಡ್ಡಮ್ಮನ ತಲೆ ಕೆಟ್ಟಿತು. ಚೀಲದ ಪಟ್ಟಿ ಬಿಚ್ಚಿ ಬೂದಿಯ ಕುತ್ತಿಗೆಗೆ ಬಾರಿಸಿಯೇಬಿಟ್ಟಳು. ಬೂದಿ ಒದೆಯಲಿಲ್ಲ, ಓಡಲಿಲ್ಲ. ಮುಂಗಾಲು ಮಡಚಿ ನಮ್ಮನ್ನು ಇಳಿಸಿ, ಮೂತಿಯಿಂದ ದೊಡ್ಡಮ್ಮನ ಬೆನ್ನನ್ನು ಸೇತುವೆಯತ್ತ ನೂಕಿದಳು.

"ನಿನ್ನ ಬಿಟ್ಟಾ?" ದೊಡ್ಡಮ್ಮ ತಿರುಗಿ ನಿಂತಳು. "ನಾವಿಬ್ರೇ ನಡ್ಕೊಂಡು ಹೋದ್ರೆ ಸೇತುವೆ ತಡೆಯುತ್ತೇನೇ?"

ಒಂದು ಸಲ.

ಬೂದಿಯಿಲ್ಲದೆ ಒಂದು ಕಡೆಗೆ ಹೋಗಬಹುದು ಎಂಬುದೇ ದೊಡ್ಡಮ್ಮನ ತಲೆಗೆ ಬಂದಿರಲಿಲ್ಲ. ಸೇತುವೆಯ ಅಂಚಿನ ಹಗ್ಗ ಹಿಡಿದು, ಜೀವ ಕೈಯಲ್ಲಿ ಹಿಡಿದು ದಾಟಿದೆವು. ನಾವು ಆಚೆ ದಡ ಮುಟ್ಟುತ್ತಿದ್ದಂತೆ ಹಿಂದೆ ಒಂದು ತೊಲೆ ಮುರಿದು ನೀರಿಗೆ ಬಿತ್ತು. ಕುದುರೆಯ ಭಾರವೂ ಇದ್ದಿದ್ದರೆ ನಾನಿದನ್ನು ಹೇಳುತ್ತಿರಲಿಲ್ಲ.

ದೀಪ ಹಚ್ಚುವ ಮೊದಲೇ ಮಗು ಅತ್ತಿತು. ಅಕ್ಕನೂ ಉಳಿದಳು. ದೊಡ್ಡಮ್ಮ ಕೈ ತೊಳೆದವಳೇ ಕಿಟಕಿಯ ಹತ್ತಿರ ಕೂತು ಹೊಳೆಯಾಚೆ ನೋಡತೊಡಗಿದಳು. ಮೊಮ್ಮಗಳನ್ನು ಮಡಿಲಿಗೆ ಕೊಟ್ಟರೂ ಕಣ್ಣು ಅಲ್ಲೇ ಇತ್ತು.

ನೀರಿಳಿದು ಸೇತುವೆ ರಿಪೇರಿಯಾದ ಮೇಲೆ ಹೋದೆವು. ಬೂದಿ ಬಿಟ್ಟಲ್ಲೇ ನಿಂತಿದ್ದಳು. ಕುತ್ತಿಗೆಯ ಬಾಸುಂಡೆಯನ್ನು ದೊಡ್ಡಮ್ಮ ಮೆಲ್ಲಗೆ ಮುಟ್ಟಿದಳು.

"ತಪ್ಪಾಯ್ತು ಕಣೇ. ಕ್ಷಮಿಸ್ತೀಯಾ?"

ಎರಡು ಸಲ.

ದೊಡ್ಡಮ್ಮ ಚೀಲವನ್ನು ಹೆಗಲಿಗೇರಿಸಿ ನಡೆದೇ ಹೊರಟಳು. ಬೂದಿ ಬಿರಬಿರನೆ ಬಂದು ದಾರಿಗೆ ಅಡ್ಡ ನಿಂತು, ಮುಂಗಾಲು ಮಡಚಿದಳು.

ಮನೆ ಮುಟ್ಟುವವರೆಗೂ ದೊಡ್ಡಮ್ಮ ಯಾರನ್ನೂ ಬೈಯಲಿಲ್ಲ.