ಬಾವಿಯಲ್ಲಿ ಕಲಿತ ಕೈ

"ಛೋಡ್! ಅರೇ ಛೋಡ್! ಖಡೀ ಹೂಂ ಮೈ!"

ಬಿಡು, ನಿಂತಿದ್ದೀನಿ ನಾನು. ಸೂರತ್ತಿನ ಈಜುಕೊಳದಲ್ಲಿ, ಸ್ಪರ್ಧೆಯ ನಡುವೆಯೇ, ನನ್ನ ಗೆಳತಿ ಹಾಗೆ ಚೀರಿದಳು. ಅವಳ ಈಜುಟೋಪಿ ನನ್ನ ಮುಷ್ಟಿಯಲ್ಲಿತ್ತು. ಇಷ್ಟು ಖಾತ್ರಿ. ಉಳಿದದ್ದನ್ನು ಬರೆಯಲು ಹೊರಟರೆ ನನಗೇ ಅನುಮಾನ, ಯಾಕೆಂದರೆ ನನ್ನ ನೆನಪಿನಲ್ಲಿ ಆ ಕೊಳದ ನೀರು ಹಸಿರಾಗಿದೆ. ಸೂರತ್ತಿನಲ್ಲಿ ತಳಕ್ಕೆಲ್ಲ ನೀಲಿ ಟೈಲ್ಸ್ ಹಾಕಿದ್ದರು. ಹಸಿರು ನೀರು ಗದಗಿನ ಕಡೆಯ ನಮ್ಮ ಹೊಲದ ಬಾವಿಯದು. ಅದು ಇಲ್ಲಿಗೆ ಹೇಗೆ ಬಂತು?

ನಾನು ಈಜು ಕಲಿತದ್ದು ಆ ಬಾವಿಯಲ್ಲಿ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಸೋದರಮಾವ ಮೇಲಿನಿಂದ ದೂಡುತ್ತಿದ್ದ. ಆ ಬಾವಿಯ ತಳ ನಮ್ಮ ಯಾರ ಕಾಲಿಗೂ ಸಿಕ್ಕಿರಲಿಲ್ಲ. ಗೋಡೆಗುಂಟ ಗುಂಡಗೆ ಈಜಬೇಕು, ಮುಖ ನೀರಿನ ಮೇಲಿರಬೇಕು, ನಾಲ್ಕು ಕೈ ಹಾಕಿದ ಮೇಲೆ ಹಿಂದಿರುಗಿ ನೋಡಲೇಬೇಕು. ಮಾವ ಕಲ್ಲುಮೆಟ್ಟಿಲ ಮೇಲೆ ಕೂತು ಕೂಗುತ್ತಿದ್ದ: "ಹಿಂದ ನೋಡವಾ! ಯಾರದರ ಕೈ ನಿಂತ್ರ ಜುಟ್ಟಕ್ಕ ಕೈ ಹಾಕು. ಏನಾತು, ಎತ್ತಾತು ಅಂತ ಕೇಳ್ಕೋತ ಕುಂದ್ರಬ್ಯಾಡ!"

ಗಂಡನಿಗೆ ವಟ್ವಾದ ಬಣ್ಣದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಅಹಮದಾಬಾದಿಗೆ ಬಂದಾಗ ನನಗೆ ನಲವತ್ತು ದಾಟಿತ್ತು. ಸೊಂಟನೋವಿಗೆ ಈಜುವುದು ಒಳ್ಳೆಯದು ಎಂದು ಡಾಕ್ಟರು ಹೇಳಿದ್ದಕ್ಕೆ ನವರಂಗಪುರದ ಕೊಳದಲ್ಲಿ ಬೆಳಗಿನ ಹೆಂಗಸರ ಬ್ಯಾಚಿಗೆ ಸೇರಿದೆ. ಮೊದಲ ದಿನವೇ ಎಲ್ಲರೂ ನಕ್ಕರು. ನಾನು ತಲೆಯೆತ್ತಿಕೊಂಡು, ತಿರುತಿರುಗಿ ನೋಡುತ್ತ, ಲೇನಿನ ಹಗ್ಗಕ್ಕೆ ಡಿಕ್ಕಿ ಹೊಡೆಯುತ್ತ ಈಜುತ್ತಿದ್ದೆನಂತೆ. ಕೋಚ್ ಕೂಡ ಹೆಂಗಸೇ, ಬಾಯಿ ಮಾತ್ರ ಪೊಲೀಸರದು. "ಬೆನ್, ಪೀಛೇ ಕ್ಯಾ ಹೈ? ಸಾಸ್ ಆ ರಹೀ ಹೈ ಕ್ಯಾ?"

ಹಿಂದೆ ಅತ್ತೆ ಬರುತ್ತಿದ್ದಾಳಾ ಎಂದು ಕೇಳಿದ್ದಕ್ಕೆ ಎಲ್ಲರಿಗಿಂತ ಜೋರಾಗಿ ನಕ್ಕವಳೇ ಮುಂದೆ ನನ್ನ ಗೆಳತಿಯಾದಳು. ಅಹಮದಾಬಾದಿನ ಸೊಸೆ, ಸೂರತ್ತಿನ ಮಗಳು. ಬಾವಿಯ ಕಥೆ ಕೇಳಿದ ದಿನದಿಂದ ನನಗೆ ಅವಳಿಟ್ಟ ಹೆಸರು ಕೂವಾಬೆನ್, ಅಂದರೆ ಬಾವಿಯಕ್ಕ.

ವಡೋದರಾದಲ್ಲಿ ದೊಡ್ಡವರಿಗೂ ವಯಸ್ಸಿನ ಪ್ರಕಾರ ಸ್ಪರ್ಧೆ ಇದೆ ಎಂದು ಕೋಚ್ ನಮ್ಮಿಬ್ಬರ ಹೆಸರನ್ನೂ ಕೊಟ್ಟಳು. ಅಲ್ಲಿ ಗೆಳತಿ ಆಳದ ಜಾಗದಲ್ಲಿ ಉಸಿರು ಸಿಕ್ಕಿಕೊಂಡು, ಹಗ್ಗ ಹಿಡಿದು, ಅದನ್ನೇ ಎಳೆದುಕೊಂಡು ಅಂಚಿಗೆ ಬಂದು ಹತ್ತಿಬಿಟ್ಟಳು. ಮನೆಯಲ್ಲಿ ಅವಳ ಅತ್ತೆ ಕೇಳಿದ್ದು ಒಂದೇ ಮಾತು: "ಈಜೋಕೆ ಹೋಗಿದ್ದೆಯೋ, ಸ್ನಾನಕ್ಕೋ?" ಅದನ್ನು ಅವಳು ನನಗೆ ನಗುತ್ತಲೇ ಹೇಳಿದಳು. ಆಮೇಲೆ ನಗು ನಿಲ್ಲಿಸಿ, "ಮೆಡಲ್ ಬೇಡ ನನಗೆ. ಒಂದೇ ಒಂದು ಸಲ ಆ ಕಡೆಯ ಗೋಡೆ ಮುಟ್ಟಬೇಕು, ಆ ಮುದುಕಿ ನೋಡ್ತಾ ಇರಬೇಕು," ಎಂದಳು.

ಮುಂದಿನ ಸ್ಪರ್ಧೆ ಸೂರತ್ತಿನಲ್ಲಿ, ಅವಳ ತವರಿನಲ್ಲಿ. ಅಲ್ಲಿವರೆಗೆ ನಮಗೆ ಅದೊಂದೇ ಧ್ಯಾನ. ಕೋಚ್ ಅವಳಿಗೆ ಧೈರ್ಯ ತುಂಬಿದ್ದು ಒಂದು ನಿಯಮ ಹೇಳಿ. ಫ್ರೀಸ್ಟೈಲಿನಲ್ಲಿ ನಿಂತರೆ ತಪ್ಪಿಲ್ಲ. ಕಾಲಿಗೆ ನೆಲ ಸಿಗುವ ಕಡೆ ನಿಲ್ಲು, ಉಸಿರು ತಗೋ, ಮತ್ತೆ ಈಜು. ನಡೆಯಬೇಡ, ಹಗ್ಗ ಎಳೆಯಬೇಡ, ಇನ್ನೊಬ್ಬರ ಕೈ ಮಾತ್ರ ತಾಗಕೂಡದು. ಆ ಮಾತು ಹೇಳುವಾಗ ನಾನು ಪಕ್ಕದಲ್ಲೇ ಇದ್ದೆ. ಕೇಳಿಸಿಕೊಂಡಿದ್ದೆ. ಸೂರತ್ತಿಗೆ ಹೋಗುವಾಗ ರೈಲಿನಲ್ಲಿ ಥೇಪ್ಲಾ ರೊಟ್ಟಿ ತಿನ್ನುತ್ತ ಗೆಳತಿಗೆ ಅದನ್ನು ಮತ್ತೆ ಹೇಳಿದವಳೂ ನಾನೇ.

ಸೂರತ್ತಿನಲ್ಲಿ ನಮಗೆ ಅಕ್ಕಪಕ್ಕದ ಲೇನ್ ಸಿಕ್ಕಿತು. ಆಳದ ಕಡೆಯಿಂದ ಜಿಗಿದು ಆಳವಿಲ್ಲದ ಕಡೆ ಮುಗಿಸಬೇಕು. ಮೇಲೆ ಮೆಟ್ಟಿಲುಗಳಲ್ಲಿ ಅವಳ ಅತ್ತೆ ಕೊಡೆ ಹಿಡಿದು ಕೂತಿದ್ದರು, ಅವಳ ಗಂಡ ಹ್ಯಾಂಡಿಕ್ಯಾಮ್ ಹಿಡಿದಿದ್ದ, ನನ್ನ ಗಂಡ ಕಡ್ಲೆಕಾಯಿ ತಿನ್ನುತ್ತಿದ್ದ. ಸೀಟಿ ಆಯಿತು. ಜಿಗಿದೆವು. ನಾನು ಅವಳಿಗಿಂತ ಒಂದಿಷ್ಟು ಮುಂದಿದ್ದೆ. ಗೋಡೆ ಕಾಣುತ್ತಿತ್ತು. ಆಗ ಹಿಂದಿರುಗಿ ನೋಡಿದೆ.

ನನಗೆ ಕಂಡದ್ದು: ಅವಳ ಕೈ ನಿಂತಿತ್ತು. ತಲೆ ಹಿಂದಕ್ಕೆ ವಾಲಿತ್ತು. ಬಾಯಿ ತೆರೆದಿತ್ತು. ನೀರು ಹಸಿರಾಗಿತ್ತು. ಇದೆಲ್ಲ ಬಹಳ ಹೊತ್ತು ನಡೆಯಿತು.

ಹಗ್ಗದ ಕೆಳಗೆ ನುಸುಳಿ, ಹಿಂದಿನಿಂದ ಹೋಗಿ ಅವಳ ಜುಟ್ಟಿಗೆ ಕೈ ಹಾಕಿದೆ. ಟೋಪಿ ಕಿತ್ತು ಬಂತು. ಕೂದಲು ಹಿಡಿದು ಎಳೆದೆ. ಅವಳು ನನ್ನ ಎದೆಗೆ ಗುದ್ದಿದಳು. ಆಗಲೇ ಆ ಚೀರಾಟ, ಖಡೀ ಹೂಂ ಮೈ! ನಾನು ಕಾಲು ಕೆಳಗೆ ಬಿಟ್ಟೆ. ಪಾದಕ್ಕೆ ಟೈಲ್ಸ್ ತಾಗಿತು. ನೀರು ನನ್ನ ಎದೆಮಟ್ಟ. ಆ ತಣ್ಣನೆಯ ಟೈಲ್ಸು ತಾಗಿದ ಕ್ಷಣದಷ್ಟು ಬೆಚ್ಚಿಬಿದ್ದದ್ದು ನನಗೆ ಜನ್ಮದಲ್ಲಿ ನೆನಪಿಲ್ಲ. ಎಲ್ಲೋ ಬೀಳುತ್ತಿದ್ದೇನೆ ಅಂದುಕೊಂಡವಳಿಗೆ ನೆಲವೇ ಬಂದು ಹೊಡೆದಂತಾಯಿತು.

ಅವಳು ನನ್ನನ್ನು ದೂಡಿ, ಬಿಚ್ಚಿದ ಕೂದಲಲ್ಲೇ ಈಜಿಕೊಂಡು ಹೋಗಿ ಗೋಡೆ ಮುಟ್ಟಿದಳು. ಅಷ್ಟರಲ್ಲಿ ರೆಫರಿ ಕೈ ಎತ್ತಿಯಾಗಿತ್ತು. ನಾನು ಲೇನ್ ದಾಟಿದ್ದಕ್ಕೆ ನಾನು ಔಟ್. ಇನ್ನೊಬ್ಬರ ಕೈ ತಾಗಿದ್ದಕ್ಕೆ ಅವಳೂ ಔಟ್. ಮೇಲಿನಿಂದ ಅತ್ತೆಯ ಗಂಟಲು ಇಡೀ ಕೊಳಕ್ಕೆ ಕೇಳಿಸಿತು: "ಯಾರವಳು? ನಮ್ಮ ಸೊಸೆಯ ಜುಟ್ಟು ಹಿಡಿದವಳು ಯಾರು?"

ನನ್ನ ಗಂಡ ಟವೆಲ್ಲು ಹಿಡಿದುಕೊಂಡು ಓಡಿಬಂದ. "ಏನ್ ಮಾಡಿದಿ ನೀ? ಆಕಿ ನಿಂತಿದ್ಲಲ್ಲ!"

"ಮುಳುಗಾಕತ್ತಿದ್ಲುರೀ."

"ಮುಳುಗೂದೆಲ್ಲೇ? ಅಲ್ಲಿ ಸಣ್ಣ ಹುಡುಗೂರು ನಿಂತು ಆಡ್ತಾವು!"

ಗೆಳತಿ ತವರಿನಲ್ಲೇ ಉಳಿದಳು. ನಾನೂ ನನ್ನ ಗಂಡನೂ ರೈಲು ಹಿಡಿದು ವಾಪಸಾದೆವು. ಟೋಪಿ ನನ್ನ ಚೀಲದಲ್ಲೇ ಇತ್ತು.

ಕೆಲವು ವಾರ ಅವಳು ಕೊಳಕ್ಕೆ ಬರಲಿಲ್ಲ. ಟೋಪಿ ಕೊಡುವ ನೆಪದಲ್ಲಿ ನಾನೇ ಅವಳ ಮನೆಗೆ ಹೋದೆ. ಅತ್ತೆ ಬಾಗಿಲು ತೆರೆದು, ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, ತಮ್ಮ ತುರುಬು ಮುಟ್ಟಿಕೊಂಡು ಒಳಗೆ ಹೋದರು. ಗೆಳತಿ ಚಹಾ ಕೊಟ್ಟಳು. ಟಿವಿಗೆ ಹ್ಯಾಂಡಿಕ್ಯಾಮ್ ಸಿಕ್ಕಿಸಿ, "ನೋಡು," ಎಂದಳು.

ಟಿವಿಯಲ್ಲಿ ನೀರು ನೀಲಿ. ನಾನು ಮುಂದೆ, ಅವಳು ಹಿಂದೆ. ಅವಳು ನಿಲ್ಲುತ್ತಾಳೆ. ಗಾಗಲ್ಸಿನಲ್ಲಿ ನೀರು ತುಂಬಿದೆ. ಅದನ್ನು ಎತ್ತಿ, ತಲೆ ಹಿಂದಕ್ಕೆ ವಾಲಿಸಿ ನೀರು ಚೆಲ್ಲುತ್ತಾಳೆ. ಬಾಯಿ ತೆರೆದಿದೆ, ಹೌದು, ಯಾಕೆಂದರೆ ಮೇಲಿರುವ ಅತ್ತೆಯ ಕಡೆ ನೋಡಿ ನಗುತ್ತಿದ್ದಾಳೆ. ಕಣ್ಣು ಮಿಟುಕಿಸುವಷ್ಟು ಹೊತ್ತು. ಅಷ್ಟರಲ್ಲಿ ಪಕ್ಕದಿಂದ ಯಾವುದೋ ಹೆಂಗಸು ನುಗ್ಗಿ ಬಂದು ಅವಳ ಕೂದಲು ಹಿಡಿಯುತ್ತಾಳೆ. ಆ ಹೆಂಗಸಿನ ಮುಖ ನೋಡಿದೆ. ಕಾಪಾಡಲು ಬಂದವರ ಮುಖವಲ್ಲ ಅದು. ಕೊಲ್ಲಲು ಬಂದವಳ ಮುಖದಂತಿತ್ತು.

ಇನ್ನೊಮ್ಮೆ ಹಾಕು ಎಂದೆ. ಹಾಕಿದಳು. ನನ್ನೊಳಗೆ ಮಾತ್ರ ಅದು ಈಗಲೂ ಹಾಗಿಲ್ಲ. ನನ್ನೊಳಗೆ ಅವಳು ಇವತ್ತಿಗೂ ಮುಳುಗುತ್ತಾಳೆ, ನೀರು ಇವತ್ತಿಗೂ ಹಸಿರು. ಈಜಿನಿಂದ ಬದುಕಿಗೆ ಏನು ಕಲಿತಿರಿ ಎಂದು ಯಾವುದಾದರೂ ಮಹಿಳಾ ಸಮಾಜದವರು ಕೇಳಿದರೆ ಹೇಳಲು ನನ್ನ ಬಳಿ ಏನಿದೆ? ನಿಯಮ ನನಗೆ ಬಾಯಿಪಾಠ ಬರುತ್ತಿತ್ತು. ಕೈಗೆ ಬರುತ್ತಿರಲಿಲ್ಲ. ಅಷ್ಟೆ.

"ನಾಳೆ ಬರ್ತೀನಿ," ಎಂದಳು ಗೆಳತಿ.

ಬಂದಳು. ನವರಂಗಪುರದಲ್ಲಿ ನನ್ನನ್ನು ಪಕ್ಕದ ಲೇನಿಗೆ ನಿಲ್ಲಿಸಿ, "ನಾನು ನಿಲ್ತೀನಿ. ನೀನು ನನ್ನನ್ನು ದಾಟಿಕೊಂಡು ಹೋಗಬೇಕು. ಗೋಡೆ ಮುಟ್ಟೋತನಕ ಹಿಂದೆ ನೋಡಿದೆಯೋ, ಮುಗೀತು ನಮ್ಮದು," ಎಂದಳು. ನಗುತ್ತಿರಲಿಲ್ಲ.

ಈಜಿದೆವು. ಆಳ ಮುಗಿಯುತ್ತಲೇ ಅವಳು ನಿಂತಳು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ನನ್ನ ಬಲಗೈ ಹಗ್ಗದ ಕಡೆ ಹೋದದ್ದನ್ನು ನಾನೇ ನೋಡಿದೆ. ಅದನ್ನು ಎಳೆದು ತಂದು ಮುಂದಕ್ಕೆ ಹಾಕಿದೆ. ಮತ್ತೆ ಹಾಕಿದೆ. ಮಾವನ ದನಿ ಕಿವಿಯಲ್ಲಿ ಕೂಗುತ್ತಲೇ ಇತ್ತು. ದಾಟಿದೆ. ಗೋಡೆ ಮುಟ್ಟಿದೆ.

ತಿರುಗಿ ನೋಡಿದೆ. ಅವಳಿಲ್ಲ.

ನೀರಿನ ಮೇಲೆ ಯಾರೂ ಇಲ್ಲ. ಬರೀ ಹಗ್ಗ. ಕೋಚ್ ಅಂಚಿನಲ್ಲಿ ಆಕಳಿಸುತ್ತ ನಿಂತಿದ್ದಳು. ಕೂಗಲು ಬಾಯಿ ತೆರೆದೆ, ದನಿ ಹೊರಡಲಿಲ್ಲ. ಅದೇ ಹೊತ್ತಿಗೆ ನೀರಿನೊಳಗಿಂದ ಒಂದು ಕೈ ಎದ್ದು ನನ್ನ ಟೋಪಿಯನ್ನು ಕಿತ್ತುಕೊಂಡಿತು.

ಆಗ ದನಿ ಬಂತು. ಹೆಂಗಸರ ಬ್ಯಾಚೆಲ್ಲ ಈಜು ನಿಲ್ಲಿಸಿ ನೋಡುವಷ್ಟು ಬಂತು.

ಗೆಳತಿ ನನ್ನ ಪಕ್ಕದಲ್ಲಿ ಎದ್ದು, ಕೆಮ್ಮಿ, ಗೋಡೆಯನ್ನು ಅಂಗೈಯಿಂದ ಪಟಾರನೆ ಹೊಡೆದಳು. "ಅಬ್ ಬೋಲ್, ಈಗ ಹೇಳು ಕೂವಾಬೆನ್! ಜೀವ ಹೋಯ್ತಾ? ನನಗೂ ಹಾಗೇ ಆಗಿತ್ತು."

ಅವಳು ನನ್ನ ಟೋಪಿಯ ನೀರು ಹಿಂಡಿ, ತನ್ನ ತಲೆಗೇ ಹಾಕಿಕೊಂಡಳು.

"ವಡೋದರಾಗೆ ಮತ್ತೆ ಹೆಸರು ಕೊಡ್ತಾ ಇದ್ದೀನಿ. ಅತ್ತೇನೂ ಬರ್ತಾರೆ. ನೀನು ಮಾತ್ರ ಆ ತುದಿಯ ಲೇನ್ ತಗೋ."