ಭಾನುವಾರದ ಚೀಲಕ್ಕೆ ಎಷ್ಟು ಡಿಸ್ಕ್

ಆಗೆಲ್ಲ ಭಾನುವಾರ ಬೆಳಗಾದರೆ ಸಾಕು, ಎಸೆದು ಆಡುವ ಪ್ಲಾಸ್ಟಿಕ್ ಡಿಸ್ಕುಗಳನ್ನು ಚಾವಡಿಯ ನೆಲದ ಮೇಲೆ ಹರಡಿಕೊಂಡು ಕುಳಿತುಬಿಡುತ್ತಿದ್ದೆ. ಇವತ್ತು ಎಷ್ಟು ಹಿಡಿದುಕೊಂಡು ಹೋಗುವುದು? ಇದೂ ಒಂದು ಚಿಂತೆಯೇ ಎಂದು ನಗಬೇಡಿ. ನನ್ನಷ್ಟು ದಣಿದವನಿಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದೂ ಚಿಂತೆಯೇ. ಹೆಂಡತಿ ಕಾಫಿ ತಂದಿಟ್ಟು, "ಈ ಪ್ಲೇಟುಗಳನ್ನು ಎಷ್ಟು ಹೊತ್ತು ನೋಡ್ತೀರಿ? ಅದಕ್ಕೆ ದೋಸೆ ಬಂದು ಬೀಳ್ಲಿಕ್ಕುಂಟಾ?" ಎನ್ನುತ್ತಿದ್ದಳು. ಕಾಫಿಯೂ ಅರ್ಧ ಲೋಟ ಮಾತ್ರ, ಯಾಕೆಂದರೆ ನಾನು ದಿನಕ್ಕೆ ಇಷ್ಟೇ ನೀರು ಕುಡಿಯಬೇಕು ಎಂದು ಡಾಕ್ಟರು ಅಳತೆ ಹಾಕಿಕೊಟ್ಟಿದ್ದಾರೆ.

ನನ್ನ ಎರಡೂ ಕಿಡ್ನಿಗಳು ಕೈಕೊಟ್ಟಿವೆ. ಮಂಗಳವಾರ, ಗುರುವಾರ, ಶನಿವಾರ ಪೇಟೆಯ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಉಳಿದ ದಿನಗಳಲ್ಲಿ ಹೈಸ್ಕೂಲಿನಲ್ಲಿ ಕನ್ನಡ ಮಾಷ್ಟ್ರು; ಹಿಂದೆ ತರಗತಿಯಿಡೀ ಓಡಾಡಿಕೊಂಡು ಪಾಠ ಮಾಡುತ್ತಿದ್ದವನು ಈಗ ಕುರ್ಚಿಯಲ್ಲಿ ಕುಳಿತು ಮಾಡುತ್ತೇನೆ. ಆಸ್ಪತ್ರೆಗೆ ಬಸ್ಸಿನಲ್ಲಿ ಒಬ್ಬನೇ ಹೋಗಿ ಒಬ್ಬನೇ ಬರುತ್ತಿದ್ದೆ. ಜೊತೆಗೆ ಬರುತ್ತೇನೆ ಎಂದವರನ್ನೆಲ್ಲ ಗದರಿ ಓಡಿಸಿದ್ದೆ. ಬಂದವರು ಪಕ್ಕದಲ್ಲಿ ಕುಳಿತು ಮುಖ ಸಣ್ಣ ಮಾಡಿಕೊಂಡರೆ ಅವರನ್ನು ಸಮಾಧಾನ ಮಾಡುವ ಕೆಲಸವೂ ನನ್ನ ತಲೆಗೇ ಬರುತ್ತದಲ್ಲ! ಮೆಷಿನ್ನಿನಿಂದ ಎದ್ದು ಬರುವಾಗ ಹಿಂಡಿ ಹಾಕಿದ ಬಟ್ಟೆಯ ಹಾಗಿರುತ್ತೇನೆ. ಮನೆಗೆ ಬಂದು ಮಲಗಿದರೆ ಮಾತು ಬೇಡ, ಬೆಳಕು ಬೇಡ, ಯಾರೂ ಬೇಡ.

ಸಾಕಪ್ಪಾ ಸಾಕು ಎಂದು ಮನಸ್ಸು ಹೇಳತೊಡಗಿ ಕೆಲವು ತಿಂಗಳಾಗಿತ್ತು. ಒಂದು ಮಂಗಳವಾರ ಸುಮ್ಮನೆ ಹೋಗದೆ ಮನೆಯಲ್ಲೇ ಉಳಿದುಬಿಟ್ಟರೆ? ಗುರುವಾರವೂ ಹೋಗದಿದ್ದರೆ? ಆಮೇಲೆ ಆಗುವುದೇನು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಆ ಯೋಚನೆ ಬರುತ್ತಿತ್ತು, ಬಂದಾಗ ಹೆದರಿಕೆಗಿಂತ ಹೆಚ್ಚಾಗಿ ಒಂದು ಬಗೆಯ ಆರಾಮ ಅನಿಸುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಈ ಡಿಸ್ಕಿನ ಆಟವನ್ನು ನನಗೆ ಅಂಟಿಸಿದವರು ನನ್ನ ಭಾವ, ಅಂದರೆ ಹೆಂಡತಿಯ ಅಣ್ಣ. ನಮ್ಮಿಬ್ಬರದು ಒಂದೇ ಪ್ರಾಯ, ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು, ನೀವು ತಾವು ಎನ್ನುತ್ತಲೇ ಒಬ್ಬರ ಕಾಲು ಒಬ್ಬರು ಎಳೆಯುವುದು. ಅವರು ಗಲ್ಫಿನಲ್ಲಿದ್ದಾಗ ಜೊತೆಯಲ್ಲಿ ದುಡಿಯುತ್ತಿದ್ದ ಫಿಲಿಪೀನ್ಸಿನ ಒಬ್ಬರಿಂದ ಇದನ್ನು ಕಲಿತರಂತೆ. ಊರಿಗೆ ಪೂರ್ತಿ ಬಂದುಬಿಟ್ಟಾಗ ಬಂಧುಗಳಿಗೆ ಸೆಂಟು ತರುವ ಬದಲು ಪೆಟ್ಟಿಗೆ ತುಂಬ ಪ್ಲಾಸ್ಟಿಕ್ ಡಿಸ್ಕು ತಂದರು. ನೆಕ್ರಾಜೆಯ ಹತ್ತಿರ ಪದವಿನಲ್ಲಿ, ಅಂದರೆ ಮುರಕಲ್ಲಿನ ಎತ್ತರದ ಬಯಲಿನಲ್ಲಿ, ಅವರ ಗೇರುತೋಟ ಇದೆ. ಅದರ ಅಂಚಿನಲ್ಲಿ ಅಲ್ಲಲ್ಲಿ ಕಂಬ ನೆಟ್ಟು, ಸೈಕಲ್ ರಿಮ್ಮಿನಿಂದ ಸರಪಳಿ ಇಳಿಬಿಟ್ಟು, ಕೆಳಗೆ ಕಬ್ಬಿಣದ ಬುಟ್ಟಿ ಕೂರಿಸಿದರು. ದೂರದಿಂದ ಡಿಸ್ಕ್ ಎಸೆಯುತ್ತಾ, ಬಿದ್ದಲ್ಲಿಂದ ಮತ್ತೆ ಎಸೆಯುತ್ತಾ, ಕೊನೆಗೆ ಸರಪಳಿಗೆ ತಾಗಿ ಬುಟ್ಟಿಗೆ ಬೀಳಿಸುವುದು. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದರು. ನೋಡಿದವರು ಇವರಿಗೆ ಮರುಳು ಎಂದರು, ಹಾಗೆ ಹೇಳಿದ್ದು ತಪ್ಪೂ ಅಲ್ಲ.

ಡಿಸ್ಕುಗಳೆಲ್ಲ ಒಂದೇ ಎಂದು ತಿಳಿದರೆ ಕೆಟ್ಟಿರಿ. ಅಂಚು ತೆಳುವಾದದ್ದು ದೂರಕ್ಕೆ, ಮೊಂಡಾದದ್ದು ಬುಟ್ಟಿಯ ಹತ್ತಿರಕ್ಕೆ, ನಡುವಿನದು ನಡುದೂರಕ್ಕೆ. ಒಂದು ಎಡಕ್ಕೆ ವಾಲಿಕೊಂಡು ಹೋಗುತ್ತದೆ, ಇನ್ನೊಂದು ಬಲಕ್ಕೆ, ಮತ್ತೊಂದು ನೀವೆಷ್ಟು ಬೈದರೂ ನೇರ ಹೋಗುವುದಿಲ್ಲ. ಆದ್ದರಿಂದ ಎಲ್ಲವೂ ಬೇಕು ಎನಿಸುತ್ತದೆ. ಮೊದಲ ವರ್ಷ ನಾನು ಹದಿನಾಲ್ಕು ಡಿಸ್ಕುಗಳ ಚೀಲ ನೇತುಹಾಕಿಕೊಂಡು ಮದುಮಗನ ಹಾಗೆ ಪದವು ಹತ್ತುತ್ತಿದ್ದೆ. ಆಟಕ್ಕೆ ಭಾವ ಮಾಡಿದ ಕಾನೂನು ಒಂದೇ: ಅವರವರ ಚೀಲ ಅವರವರೇ ಹೊರಬೇಕು.

ಕಿಡ್ನಿ ಹೋದ ಮೇಲೆ ಭಾವನೇ ಆ ಕಾನೂನನ್ನು ಮುರಿಯಲು ನೋಡಿದರು. ನನ್ನ ಎಡಗೈಯ ರಕ್ತನಾಳಗಳನ್ನು ಡಯಾಲಿಸಿಸ್ಸಿಗಾಗಿ ಜೋಡಿಸಿ ಹೊಲಿದಿದ್ದಾರೆ. ಅಲ್ಲಿ ಉಬ್ಬಿಕೊಂಡಿದೆ, ಬೆರಳಿಟ್ಟರೆ ಗುಂಯ್ ಎನ್ನುತ್ತದೆ. ಆ ಕೈಗೆ ಭಾರ ಕೂಡದು, ಚೀಲದ ಪಟ್ಟಿ ಒತ್ತಲೂ ಕೂಡದು. ಹಾಗಾಗಿ ಚೀಲ ಬಲಹೆಗಲಿಗೆ. ಎಸೆಯುವುದೂ ಬಲಗೈಯಲ್ಲೇ. ಪ್ರತಿ ಎಸೆತಕ್ಕೂ ಬಗ್ಗಿ ಚೀಲ ಕೆಳಗಿಡಬೇಕು, ಎಸೆದು ಮತ್ತೆ ಬಗ್ಗಿ ಎತ್ತಬೇಕು. ಹತ್ತು ಸಲ ಹೀಗೆ ಮಾಡಿದರೆ ಕಣ್ಣಿಗೆ ಕತ್ತಲು ಬರುತ್ತಿತ್ತು. ಭಾವ ಕೈ ಚಾಚಿ, "ಕೊಡಿ ಇಲ್ಲಿ" ಎನ್ನುತ್ತಿದ್ದರು. ನಾನು, "ನನಗೆ ಕೈಯಿಲ್ವಾ? ನಿಮ್ಮದನ್ನು ನೀವು ನೋಡ್ಕೊಳ್ಳಿ" ಎಂದು ರೇಗುತ್ತಿದ್ದೆ. ಶಾಲೆಯಲ್ಲಿ ರೋಗಿ, ಮನೆಯಲ್ಲಿ ರೋಗಿ, ಬಸ್ಸಿನಲ್ಲಿ ಕಂಡಕ್ಟರನೂ ಸೀಟು ಬಿಡಿಸಿಕೊಡುವಷ್ಟು ರೋಗಿ. ಪದವಿನಲ್ಲಿ ಮಾತ್ರ ನಾನೊಬ್ಬ ಆಟಗಾರ. ಅದನ್ನೂ ಇವರಿಗೆ ಬಿಟ್ಟುಕೊಡಬೇಕೇ?

ಬಿಟ್ಟುಕೊಡಲಿಲ್ಲ, ಬದಲಿಗೆ ಡಿಸ್ಕು ಕಡಿಮೆ ಮಾಡಿದೆ. ಹದಿನಾಲ್ಕು ಏಳಾಯಿತು, ಏಳು ನಾಲ್ಕಾಯಿತು. ಪ್ರತಿ ಸಲ ಚಾವಡಿಯಲ್ಲಿ ಕುಳಿತು ಇದು ಬೇಕೇ, ಅದು ಬೇಡವೇ ಎಂದು ಆರಿಸುವಾಗಲೇ ಅರ್ಧ ಸುಸ್ತು. ಬೇಡವೆಂದು ಬದಿಗಿಟ್ಟ ಡಿಸ್ಕನ್ನು ಕಂಡರೆ ಅದರಿಂದ ಎಸೆದ ಒಳ್ಳೆಯ ಎಸೆತಗಳೆಲ್ಲ ನೆನಪಾಗಿ ಬೇಸರವೂ ಆಗುತ್ತಿತ್ತು. ಇನ್ನೂ ಕಡಿಮೆ ಮಾಡೋಣವೆಂದರೆ ಬನದ ತೊಂದರೆ.

ಮೂರನೆಯ ಬುಟ್ಟಿಯ ಎಡಕ್ಕೆ ಭಾವನ ಕುಟುಂಬದ ನಾಗಬನ ಇದೆ. ದೊಡ್ಡ ಮರಗಳು, ಬಳ್ಳಿ, ಒಳಗೆ ನಾಗನ ಕಲ್ಲು. ಅದರೊಳಗೆ ಕಾಲಿಡುವಂತಿಲ್ಲ. ಎಲೆ ಕೀಳುವಂತಿಲ್ಲ, ಬಿದ್ದ ಕಡ್ಡಿ ಹೆಕ್ಕುವಂತಿಲ್ಲ. ವರ್ಷಕ್ಕೊಮ್ಮೆ ತಂಬಿಲದ ದಿನ ಭಟ್ಟರು ಮಿಂದು ಮಡಿಯಲ್ಲಿ ಒಳಗೆ ಹೋಗಿ ನಾಗನಿಗೆ ಹಾಲೆರೆದು ಪೂಜೆ ಮಾಡುತ್ತಾರೆ. ಹಾಗಾಗಿ ಬನದೊಳಗೆ ಹೋದ ಡಿಸ್ಕ್ ತಂಬಿಲದವರೆಗೆ ಅಲ್ಲೇ. ಬುಟ್ಟಿಯನ್ನು ಬೇರೆ ಕಡೆ ನೆಡಬಹುದಿತ್ತಲ್ಲ ಎಂದರೆ, ಅಷ್ಟು ಚಂದದ ಎಸೆತ ಬೇರೆಲ್ಲೂ ಸಿಗುವುದಿಲ್ಲ ಎಂಬುದು ಭಾವನ ವಾದ.

ಮೊದಲ ತಂಬಿಲದಲ್ಲಿ ಭಟ್ಟರು ಒಳಗಿನಿಂದ ಅರಶಿನ ಮೆತ್ತಿದ ಒಂದಷ್ಟು ಡಿಸ್ಕುಗಳನ್ನು ಹಿಡಿದುಕೊಂಡು ಬಂದು, "ಇದೆಂತದು ಮಾರಾಯ್ರೆ? ನಾಗನಿಗೆ ಊಟದ ತಟ್ಟೆಯಾ?" ಎಂದು ಕೇಳಿದರು. ಎಲ್ಲರೂ ನಕ್ಕರು, ಭಾವ ನಗಲಿಲ್ಲ. ಪೂಜೆಯ ಹೊತ್ತಿಗೆ ನಾಗನ ಕಲ್ಲಿನ ಬಳಿ ಇದ್ದು ಅರಶಿನ ತಾಗಿಸಿಕೊಂಡು ಬಂದದ್ದು ಪ್ರಸಾದ, ಅದನ್ನು ಇನ್ನು ಎಸೆಯುವುದು ಹೇಗೆ ಎಂದರು. ನಾನು ವಾದ ಮಾಡಿದೆ, ಪ್ಲಾಸ್ಟಿಕ್ಕಿಗೆಂತ ಮಡಿ ಎಂದೆ. ಕೇಳುವ ಜನವೇ ಅವರು? ನನ್ನ ಎರಡು ಒಳ್ಳೆಯ ಡಿಸ್ಕುಗಳೂ ಸೇರಿ ಎಲ್ಲವೂ ಅವರ ದೇವರ ಕೋಣೆಯಲ್ಲಿ ದೀಪದ ಪಕ್ಕ ಕುಳಿತಿವೆ, ದಿನಾ ಒಂದೊಂದು ಹೂವನ್ನೂ ಪಡೆಯುತ್ತವೆ. ಅಂತೂ ಬನಕ್ಕೆ ಹೋದದ್ದು ಹೋದ ಹಾಗೆಯೇ. ಕೈಯಲ್ಲಿ ಇನ್ನೊಂದು ಡಿಸ್ಕ್ ಇಲ್ಲದೆ ಮೂರನೆಯ ಬುಟ್ಟಿಗೆ ಹೋಗುವುದು ಬುದ್ಧಿವಂತರ ಲಕ್ಷಣ ಅಲ್ಲ.

ಆ ಭಾನುವಾರ ನಾನು ಒಂದೇ ಒಂದು ಡಿಸ್ಕ್ ಹಿಡಿದುಕೊಂಡು ಹೊರಟೆ. ಹಿಂದಿನ ದಿನದ ಡಯಾಲಿಸಿಸ್ಸಿನಲ್ಲಿ ಕಾಲು ಸೆಟೆದು ಸಾಕುಬೇಕಾಗಿತ್ತು. ಬೆಳಗ್ಗೆ ಡಿಸ್ಕುಗಳ ಎದುರು ಕುಳಿತರೆ ಒಂದನ್ನೂ ಆರಿಸಲು ಮನಸ್ಸು ಬರಲಿಲ್ಲ. ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡೆ, ಚೀಲ ಬಿಟ್ಟೇ ಹೋದೆ.

ಪದವಿನಲ್ಲಿ ಮುಳಿಹುಲ್ಲು ಸೊಂಟದೆತ್ತರ ಬೆಳೆದು ಇಬ್ಬನಿಯಲ್ಲಿ ಒದ್ದೆಯಾಗಿತ್ತು. ಭಾವ ನನ್ನ ಕೈ ನೋಡಿದರು, ಹೆಗಲು ನೋಡಿದರು.

"ಚೀಲ ಎಲ್ಲುಂಟು?"

"ಮನೆಯಲ್ಲುಂಟು. ಇವತ್ತು ಇದೊಂದೇ."

"ಒಂದರಲ್ಲಿ ಎಂತ ಆಡುವುದು ಭಾವ? ಮೂರನೆಯದರ ಹತ್ರ ಬನ ಉಂಟಲ್ಲ."

"ಬನಕ್ಕೆ ಹೋದ್ರೆ ಹೋಯ್ತು. ನೀವೊಬ್ರೇ ಆಡಿ ಗೆದ್ದುಬಿಡಿ, ಹೇಗೂ ಬೇರೆ ದಿನ ಗೆಲ್ಲುವುದಿಲ್ಲ."

ಎಂದಿನಂತಿದ್ದರೆ ಭಾವ ಅದಕ್ಕೆ ತಕ್ಕ ಉತ್ತರ ಕೊಡದೆ ಬಿಡುವವರಲ್ಲ. ಅವತ್ತು ತಮ್ಮ ಚೀಲ ಎತ್ತಿಕೊಂಡು ಮುಂದೆ ನಡೆದರು. ಮೊದಲ ಬುಟ್ಟಿ ಆಯಿತು, ಎರಡನೆಯದೂ ಆಯಿತು. ಚೀಲ ಇಲ್ಲದ್ದಕ್ಕೆ ಹಗುರವಾಗಬೇಕಿತ್ತು, ಆದರೆ ದಣಿವು ಚೀಲದಲ್ಲಿ ಇದ್ದದ್ದಲ್ಲವಲ್ಲ, ನನ್ನ ಜೊತೆಗೇ ಬಂದಿತ್ತು. ಮೂರನೆಯ ಬುಟ್ಟಿಗೆ ನಿಂತು ಎಸೆದೆ. ಡಿಸ್ಕ್ ಸ್ವಲ್ಪ ದೂರ ಸರಿಯಾಗಿಯೇ ಹೋಗಿ, ಎಡಕ್ಕೆ ವಾಲಿ, ಬನದ ಮರಗಳ ನಡುವೆ ಇಳಿದುಹೋಯಿತು. ಬೇಕೆಂದೇ ಹಾಗೆ ಎಸೆದೆನೋ, ಕೈ ಸೋತು ಹಾಗಾಯಿತೋ, ಈಗಲೂ ನನಗೆ ತಿಳಿಯದು. ಅದು ಕಣ್ಮರೆಯಾದಾಗ ಹಾಯೆನಿಸಿದ್ದು ಮಾತ್ರ ನಿಜ.

"ಗಾಳಿ" ಎಂದೆ.

"ಎಲ್ಲಿಯ ಗಾಳಿ? ಒಂದು ಹುಲ್ಲು ಅಲ್ಲಾಡುವುದಿಲ್ಲ" ಎಂದು ಭಾವ ತಮ್ಮ ಚೀಲವನ್ನು ಕೆಳಗಿಟ್ಟು ಒಂದು ಮುರಕಲ್ಲಿನ ಮೇಲೆ ಕುಳಿತರು. ಬನದ ಕಡೆಗೇ ನೋಡುತ್ತಾ ಕೇಳಿದರು: "ಮಂಗಳವಾರ ಹೋಗ್ತೀರಲ್ಲ?"

"ಎಲ್ಲಿಗೆ?" ಎಂದೆ, ಗೊತ್ತಿಲ್ಲದವನ ಹಾಗೆ.

"ಎಲ್ಲಿಗೆ ಅಂತ ನಿಮಗೆ ಗೊತ್ತುಂಟು. ಹದಿನಾಲ್ಕು ಏಳಾದಾಗ ನಾನು ಎಂತದೂ ಹೇಳ್ಲಿಲ್ಲ. ನಾಲ್ಕಾದಾಗ್ಲೂ ಹೇಳ್ಲಿಲ್ಲ, ಭಾರ ಆಗ್ತದೆ ಪಾಪ ಅಂತ ಸುಮ್ಮನಿದ್ದೆ. ಆದ್ರೆ ಬನ ಉಂಟು ಅಂತ ಗೊತ್ತಿದ್ದೂ ಒಂದೇ ಹಿಡ್ಕೊಂಡು ಬರುವವ ಆಡ್ಲಿಕ್ಕೆ ಬರುವುದಲ್ಲ ಭಾವ, ಮುಗಿಸ್ಲಿಕ್ಕೆ ಬರುವುದು."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸಿಕ್ಕಿಬಿದ್ದವನಿಗೆ ಬರುವ ಸಿಟ್ಟು ಅದು. "ಹೇಳ್ಲಿಕ್ಕೆ ನಿಮಗೆಂತ ಹೋಗ್ಬೇಕು? ಸೂಜಿ ಚುಚ್ಚುವುದು ನಿಮ್ಮ ಕೈಗಾ? ಒಂದು ಚೊಂಬು ನೀರು ಗಟಗಟ ಕುಡಿಯದೆ ಎಷ್ಟು ಸಮಯ ಆಯ್ತು ಅಂತ ನಿಮಗೆ ಗೊತ್ತುಂಟಾ? ಮಾತಾಡ್ಲಿಕ್ಕೆ ಬಂದ್ರು ದೊಡ್ಡ ಜನ!" ಎಂದು ಕೂಗಾಡಿದೆ. ಕೂಗಲು ಬೇಕಾದ ಶಕ್ತಿಯೂ ಅಷ್ಟಕ್ಕೇ ಮುಗಿದು ಅಲ್ಲೇ ಹುಲ್ಲಿನ ಮೇಲೆ ಕುಳಿತುಬಿಟ್ಟೆ. "ನನಗೆ ಸಾಕಾಗಿದೆ ಭಾವ. ಸತ್ಯವಾಗಿ ಸಾಕಾಗಿದೆ." ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಅವರು ದೇವರಿದ್ದಾನೆ ಎನ್ನಲಿಲ್ಲ, ಎಲ್ಲ ಸರಿಯಾಗುತ್ತದೆ ಎನ್ನಲಿಲ್ಲ, ತಂಗಿಯ ಗತಿಯೇನು ಎಂದೂ ಕೇಳಲಿಲ್ಲ. ಕೇಳಿದ್ದರೆ ಎದ್ದು ಹೋಗುತ್ತಿದ್ದೆನೇನೋ. ಭಾವ ಎದ್ದು ಬಂದು ನನ್ನ ಎದುರು ಕುಕ್ಕರಗಾಲಿನಲ್ಲಿ ಕುಳಿತು, "ಸಾಕಾದದ್ದು ಎಂತ? ಎಸೆಯುವುದಾ, ಹೊರುವುದಾ?" ಎಂದು ಕೇಳಿದರು.

ಇದೆಂಥ ಪ್ರಶ್ನೆ ಎನಿಸಿತು ನನಗೆ. ಆದರೂ ಯೋಚಿಸಿದೆ. ಡಿಸ್ಕ್ ಕೈಬಿಟ್ಟು ಮೇಲೇಳುವ ಆ ಒಂದು ಕ್ಷಣ ಯಾವತ್ತೂ ಸಾಕಾಗಿರಲಿಲ್ಲ. ತರಗತಿಯಲ್ಲಿ ಮಕ್ಕಳು ತಪ್ಪು ಉತ್ತರ ಹೇಳಿ ಪಿಸಪಿಸ ನಗುವುದು ಸಾಕಾಗಿರಲಿಲ್ಲ. ಹೆಂಡತಿ ದೋಸೆಯ ವಿಷಯಕ್ಕೆ ಕೀಟಲೆ ಮಾಡುವುದೂ ಸಾಕಾಗಿರಲಿಲ್ಲ. ಸಾಕಾದದ್ದು ಬೇರೆಯೇ: ನಸುಕಿನ ಬಸ್ಸು ಹಿಡಿಯುವುದು, ಒಬ್ಬನೇ ಹೋಗಿ ಮಲಗುವುದು, ಒಬ್ಬನೇ ಗೋಡೆ ಹಿಡಿದುಕೊಂಡು ಎದ್ದು ಬರುವುದು, ಬಂದು ಆರಾಮಾಗಿದ್ದೇನೆ ಎಂದು ನಗುವುದು.

"ಹೊರುವುದು" ಎಂದೆ.

"ಹಾಗಾದ್ರೆ ಅದನ್ನು ಇಲ್ಲಿ ಕೊಡು ಮಾರಾಯ!" ಎಂದರು ಭಾವ. ಇಷ್ಟು ವರ್ಷಗಳಲ್ಲಿ ನನ್ನನ್ನು ಏಕವಚನದಲ್ಲಿ ಕರೆದದ್ದು ಅದೊಂದೇ ಸಲ. "ಆವಾಗಿಂದ ಕೈ ನೀಡಿ ನೀಡಿ ನನಗೂ ಸಾಕಾಯ್ತು. ಚೀಲವೂ ನಾನು ಹೊರ್ತೇನೆ. ಮಂಗಳವಾರ ಕಾರೂ ನಾನೇ ತರ್ತೇನೆ. ಅಲ್ಲಿ ಕೂತು ನಿಮ್ಮ ಮುಖ ನೋಡುವುದಿಲ್ಲ, ಪೇಪರ್ ಓದ್ತೇನೆ, ಆಯ್ತಾ?"

ನನಗೆ ಅಳು ಬಂತು. ತಡೆಯಲು ಹೋಗಲಿಲ್ಲ, ಅದಕ್ಕೂ ತ್ರಾಣ ಬೇಕಲ್ಲ. ಭಾವ ಅಡ್ಡ ತಿರುಗಿ ತಮ್ಮ ಚೀಲದ ಜಿಪ್ಪನ್ನು ತೆಗೆಯುತ್ತಾ ಹಾಕುತ್ತಾ ಇದ್ದರು. ನಾನು ಸುಧಾರಿಸಿಕೊಂಡ ಮೇಲೆ, ನನ್ನ ಕಡೆ ನೋಡದೆಯೇ, "ಬರುವ ಭಾನುವಾರಕ್ಕೆ ನಿಮ್ಮ ಡಿಸ್ಕು ಎಷ್ಟು ಹಾಕ್ಲಿ?" ಎಂದು ಕೇಳಿದರು.

"ಇದ್ದದ್ದೆಲ್ಲ ಹಾಕಿ" ಎಂದೆ. "ಹೊರುವವರು ನೀವಲ್ವಾ?"

ಮಂಗಳವಾರ ಬೆಳಗ್ಗೆ ಅಂಗಳದಲ್ಲಿ ಅವರ ಕಾರಿನ ಹಾರ್ನ್ ಕೇಳಿಸುವಾಗ ನಾನು ಚಪ್ಪಲಿ ಮೆಟ್ಟಿಕೊಂಡು ಜಗಲಿಯಲ್ಲಿ ತಯಾರಾಗಿ ಕುಳಿತಿದ್ದೆ.