ಕಾರ್ಯದರ್ಶಿ ಕುಡಿಯದ ಮಜ್ಜಿಗೆ

ರಾಯದುರ್ಗದ ಓಣಿ ಓಣಿಯಲ್ಲಿ ಜೀನ್ಸ್ ಹೊಲಿಯುವ ಮೆಷಿನ್ನುಗಳು ಹಗಲಿಡೀ ಗರಗರ ಎನ್ನುತ್ತಿದ್ದ ವರ್ಷಗಳವು. ನಮ್ಮ ಮಡಕಶಿರಾ ಕಡೆಯ ಹೆಂಗಸರೂ ಬೆಳಿಗ್ಗೆಯೇ ಬುತ್ತಿ ಕಟ್ಟಿಕೊಂಡು ಗಾರ್ಮೆಂಟ್ಸ್ ವ್ಯಾನು ಹತ್ತುತ್ತಿದ್ದರು. ಹಾಸಿಗೆ ಹಿಡಿದವರಿಗೆ ನೀರು ಕುಡಿಸುತ್ತಿದ್ದ ಕೈಗಳೆಲ್ಲ ಹೊಲಿಗೆಗೆ ಹೋದ ಮೇಲೆ ವೃದ್ಧಾಶ್ರಮಗಳು ತುಂಬತೊಡಗಿದವು. ಮಡಕಶಿರಾ ಸುತ್ತಮುತ್ತಲ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿ ಅರ್ಧ ಆಯುಷ್ಯ ಕಳೆದಿದ್ದ ನಾನು, ಮತ್ತೊಂದು ತರಬೇತಿ ಮುಗಿಸಿಕೊಂಡು, ರಾಯದುರ್ಗದಿಂದ ಗುಮ್ಮಘಟ್ಟಕ್ಕೆ ಹೋಗುವ ದಾರಿಯ ಅಂಥದೊಂದು ಆಶ್ರಮಕ್ಕೆ ನರ್ಸ್ ಪ್ರಾಕ್ಟೀಷನರ್ ಎಂಬ ಹೊಸ ಹುದ್ದೆಯಲ್ಲಿ ಬಂದು ಸೇರಿದೆ.

ಆ ಹುದ್ದೆಯ ಹೆಸರನ್ನೇ ಅಲ್ಲಿ ಯಾರೂ ಕೇಳಿರಲಿಲ್ಲ. ಮಾಮೂಲಿ ನರ್ಸ್ ಡಾಕ್ಟರು ಹೇಳಿದ್ದನ್ನು ಮಾಡುತ್ತಾಳೆ. ನರ್ಸ್ ಪ್ರಾಕ್ಟೀಷನರ್ ತಾನೇ ರೋಗಿಯನ್ನು ಪರೀಕ್ಷಿಸಬಹುದು. ಡಾಕ್ಟರು ಮೊದಲೇ ಸಹಿ ಮಾಡಿಕೊಟ್ಟ ಸ್ಟ್ಯಾಂಡಿಂಗ್ ಆರ್ಡರ್‌ನ ಮಿತಿಯೊಳಗೆ ಔಷಧಿ ಕೊಡಬಹುದು, ಡೋಸ್ ಇಳಿಸಬಹುದು. ಯಾರನ್ನು ದೊಡ್ಡ ಆಸ್ಪತ್ರೆಗೆ ಕಳಿಸಬೇಕೆಂದು ತೀರ್ಮಾನಿಸಬಹುದು. ಡಾಕ್ಟರು ವಾರಕ್ಕೊಮ್ಮೆ ಮುಖ ತೋರಿಸುವ ಜಾಗದಲ್ಲಿ ಉಳಿದ ದಿನಗಳಿಗೆ ಇಂಥವರೊಬ್ಬರು ಇದ್ದರೆ ಹೇಗೆ ಎಂದು ನೋಡಲು ಒಂದು ಆಸ್ಪತ್ರೆ ನನ್ನನ್ನು ಪ್ರಯೋಗಕ್ಕೆ ಕಳಿಸಿತ್ತು.

ಆಶ್ರಮ ನಡೆಸುತ್ತಿದ್ದವನು ಕಾರ್ಯದರ್ಶಿ ಶಂಕ್ರಪ್ಪ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಾಯಿ ತುಂಬ ಸೇವೆಯ ಮಾತು. ಮೊದಲ ದಿನವೇ ವೃದ್ಧರೆಲ್ಲ ಕುಳಿತಿದ್ದ ಹಾಲ್‌ನ ನಡುವೆ ಅವನು ನನ್ನ ಕೊರಳಿಗೆ ಕೈ ಹಾಕಿ ಸ್ಟೆಥಾಸ್ಕೋಪ್ ತೆಗೆದು ಗೋಡೆಯ ಮೊಳೆಗೆ ನೇತುಹಾಕಿದ. “ಇದು ಡಾಕ್ಟ್ರು ಹಾಕ್ಕೊಳ್ಳೋದ್ರಿ. ನೀವು ಮೊದಲು ಬೆಡ್‌ಪ್ಯಾನ್ ತೊಳೀರಿ, ಆಮ್ಯಾಲ ಡಾಕ್ಟ್ರಾಟ ಆಡೋರಂತ,” ಎಂದ. ಬೆಡ್‌ಪ್ಯಾನ್ ತೊಳೆಯಲು ನನಗೆ ನಾಚಿಕೆ ಇರಲಿಲ್ಲ, ಹುಡುಗಿಯಾಗಿದ್ದಾಗಿನಿಂದ ತೊಳೆದವಳು. ಆದರೆ ಆ ಮೊಳೆಯನ್ನು ನಾನು ಮರೆಯಲಿಲ್ಲ. ಕ್ಷಮೆ ದೊಡ್ಡ ಗುಣ ಎನ್ನುತ್ತಾರೆ, ನನಗೆ ಆ ಗುಣ ಇಲ್ಲ.

ಆದರೆ ನನ್ನ ನಿಜವಾದ ಸಿಟ್ಟು ಮೊಳೆಯದಲ್ಲ. ಹಾಲ್‌ನಲ್ಲಿದ್ದ ಆ ಮುದುಕ ಮುದುಕಿಯರು ನನ್ನ ಅವಮಾನ ನೋಡಿ ನಗಲೂ ಇಲ್ಲ, ಅಯ್ಯೋ ಎನ್ನಲೂ ಇಲ್ಲ. ಎಲ್ಲರೂ ತೂಕಡಿಸುತ್ತಿದ್ದರು. ಮಧ್ಯಾಹ್ನ ಆಯಾ ಮಾಬುನ್ನಿ ಲೋಟದ ತಳದಿಂದ ಮಾತ್ರೆಗಳನ್ನು ಅರೆದು ಮಜ್ಜಿಗೆಗೆ ಬೆರೆಸುವುದನ್ನು ಕಂಡೆ. ಅವಳು ಮುಚ್ಚಿಡಲೂ ಇಲ್ಲ.

“ಶಾಂತಿ ಮಾತ್ರಿ ಸಿಸ್ಟರಮ್ಮ. ಎಲ್ಲಾರಿಗೂ ಕೊಡ್ತೀವಿ. ನಾ ಒಬ್ಬಾಕಿ, ಇವರೆಲ್ಲ ಎಚ್ಚರಿದ್ರ ನಾ ಹ್ಯಾಂಗ ನೋಡ್ಕೊಳ್ಳಲಿ?”

ಅದು ನಿದ್ರೆ ಮಾತ್ರೆ. ಹುಟ್ಟುಹಬ್ಬಕ್ಕೆ, ತಿಥಿಗೆ ಊಟ ಹಾಕಿಸಲು ಬರುವ ದಾನಿಗಳು ಸಾಲಾಗಿ ಕುಳಿತವರೊಂದಿಗೆ ಫೋಟೊ ತೆಗೆಸಿಕೊಂಡು, ಎಂಥ ಪ್ರಶಾಂತವಾದ ಜಾಗ ಎಂದು ಹೊಗಳಿ ಹೋಗುತ್ತಿದ್ದರು. ಡಾಕ್ಟರಿಗೆ ಫೋನ್ ಮಾಡಿದೆ. ಅವರು ಗಾಬರಿಯಾದರು. “ನಾ ಬರಕೊಟ್ಟಿದ್ದು ಒಂದಿಬ್ಬರಿಗೆ, ಅದೂ ಸ್ವಲ್ಪ ದಿನಕ್ಕ. ಎಲ್ಲಾರಿಗೂ ಕೊಡ್ತಾರೇನ್ರಿ? ಒಮ್ಮೆಲೆ ನಿಲ್ಲಿಸಬ್ಯಾಡ್ರಿ, ಸ್ವಲ್ಪ ಸ್ವಲ್ಪ ಇಳಿಸ್ರಿ,” ಎಂದು ಆ ವಾರ ಬಂದಾಗ ಆರ್ಡರ್‌ಗೆ ಸಹಿ ಹಾಕಿದರು. ಮೊಳೆಯಿಂದ ಸ್ಟೆಥಾಸ್ಕೋಪ್ ತೆಗೆದು ನನ್ನ ಕೈಗೆ ಕೊಟ್ಟವರೂ ಅವರೇ. ಶಂಕ್ರಪ್ಪ ಕಿಟಕಿಯಾಚೆ ನೋಡುತ್ತ ನಿಂತಿದ್ದ.

ಡೋಸ್ ಇಳಿದಂತೆ ಆಶ್ರಮ ಎದ್ದು ಕುಳಿತಿತು. ಎದ್ದವರು ಸುಮ್ಮನಿರುತ್ತಾರೆಯೇ? ಫ್ಯಾನಿನ ಕೆಳಗಿನ ಮಂಚಕ್ಕೆ ಇಬ್ಬರು ಜುಟ್ಟು ಜುಟ್ಟು ಹಿಡಿದುಕೊಂಡರು. ಬೆಳುಗುಪ್ಪದ ಅಜ್ಜನೊಬ್ಬ ಬೀಡಿ ಬೇಕೆಂದು ಗೇಟು ಬಡಿದ. ಸಾರಿಗೆ ಉಪ್ಪಿಲ್ಲ ಎಂದು ಊಟದ ಸಾಲು ಇಡೀ ಕೂಗಾಡಿತು. ನನಗೆ ಅದು ಕೇಳಲು ಹಿತವಾಗಿತ್ತು. ಶಂಕ್ರಪ್ಪನಿಗೆ ಮೈ ಉರಿಯಿತು. ಅವನ ಉರಿಗೆ ಸಿಕ್ಕಿದವಳು ಈರಮ್ಮ.

ಈರಮ್ಮ ಗುಮ್ಮಘಟ್ಟದ ಕಡೆಯವಳು, ಕುರಿ ಕಾಯ್ದು ಗಟ್ಟಿಯಾದ ಜೀವ. ಮಗಳು ರತ್ನ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುತ್ತಿದ್ದಳು; ಬಟ್ಟೆಯ ಬಣ್ಣ ಹತ್ತಿ ಬೆರಳುಗಳು ಸದಾ ನೀಲಿ. ಭಾನುವಾರ ಬಂದು ನಿದ್ದೆಗಣ್ಣಿನ ತಾಯಿಯ ಪಕ್ಕ ಕುಳಿತು ಹೋಗುತ್ತಿದ್ದಳು. ಮಾತ್ರೆ ಇಳಿದ ಮೇಲೆ ಈರಮ್ಮ ಚೀರತೊಡಗಿದಳು. ಸ್ನಾನಕ್ಕೆ ಎತ್ತಲು ಹೋದರೆ ಕಚ್ಚಿದಳು. ಶಂಕ್ರಪ್ಪ ರತ್ನಳನ್ನು ಕರೆಸಿ, “ನಿಮ್ಮವ್ವಗ ತಲಿ ಕೆಟ್ಟೈತಿ. ನಮ್ಮ ಕೈಲಾಗಂಗಿಲ್ಲ. ಮುಂದಿನ ವಾರ ಹುಚ್ಚಾಸ್ಪತ್ರಿಗೆ ಕಳಸೋಣು,” ಎಂದ. ರತ್ನ ಅಳುತ್ತಲೇ ಒಪ್ಪಿಕೊಂಡಳು.

ನನಗಿದ್ದದ್ದು ಆ ಒಂದು ವಾರ. ಈರಮ್ಮನನ್ನು ನೋಡುತ್ತ ಕುಳಿತೆ. ಅವಳು ಎಂದೂ ಪೂರ್ತಿ ಕೂರುತ್ತಿರಲಿಲ್ಲ, ಒಂದು ತೊಡೆಯ ಮೇಲೆ ವಾಲಿ ಕೂರುತ್ತಿದ್ದಳು. ಸೊಂಟದ ಕೆಳಗೆ ಕೈ ಹೋದರೆ ಮಾತ್ರ ಚೀರುತ್ತಿದ್ದಳು. ಹತ್ತಿರ ಹೋದರೆ ಕೆಟ್ಟ ವಾಸನೆ. ಪರದೆ ಎಳೆದು, ಮಾಬುನ್ನಿಯನ್ನೂ ಹೊರಗೆ ಕಳಿಸಿ, ಕೇಳಿದೆ: “ಕೆಳಗೆ ನೋವೈತೇನಮ್ಮ? ನಾನು ನೋಡ್ಲಾ? ನೀನು ಬ್ಯಾಡ ಅಂದ್ರೆ ಮುಟ್ಟಲ್ಲ.”

 ಈರಮ್ಮ ತಾನೇ ಸೀರೆ ಸಡಿಲಿಸಿದಳು.

ಹೆತ್ತು ಹೊತ್ತು ದುಡಿದ ಹೆಂಗಸರಲ್ಲಿ ಕೆಲವರಿಗೆ ವಯಸ್ಸಾದಾಗ ಗರ್ಭಕೋಶ ಜಾರುತ್ತದೆ. ಅದನ್ನು ತಡೆಯಲು ಒಳಗೆ ಒಂದು ರಿಂಗ್ ಇಡುವುದುಂಟು. ಅದನ್ನು ಆಗಾಗ ತೆಗೆದು ಬದಲಿಸಬೇಕು. ಈರಮ್ಮನಿಗೆ ಎಂದೋ ಇಟ್ಟ ರಿಂಗ್ ಒಳಗೇ ಉಳಿದು, ಮಾಂಸದಲ್ಲಿ ಹುದುಗಿ, ಕೀವಾಗಿತ್ತು. ಮೈ ಸುಡುತ್ತಿತ್ತು.

“ಇಷ್ಟು ದಿನ ಯಾಕೆ ಹೇಳ್ಲಿಲ್ಲ?”

“ಗಂಡಸರ ಮುಂದ ಹ್ಯಾಂಗ ಹೇಳ್ಲೆವ್ವಾ? ಹೇಳಬೇಕಂತ ಬಾಯಿ ತೆರೆದ್ರ ಮಜ್ಜಿಗಿ ಹಾಕ್ತಿದ್ರು, ಕುರಿಗೆ ಗೊಟ್ಟ ಹಾಕಿದಂಗ.”

ಗೊಟ್ಟ ಎಂದರೆ ದನಕರುಗಳ ಬಾಯಿಗೆ ಔಷಧಿ ಸುರಿಯುವ ಬಿದಿರಿನ ಕೊಳವೆ.  

ಆ ರಿಂಗನ್ನು ನಾನೇ ಎಳೆದು ತೆಗೆಯುವಂತಿರಲಿಲ್ಲ, ರಕ್ತ ಹೋದರೆ ಜೀವಕ್ಕೇ ಅಪಾಯ. ಅದೇ ದಿನ ಬಳ್ಳಾರಿಯ ಆಸ್ಪತ್ರೆಗೆ ಕಳಿಸಿದೆ. ಅಲ್ಲಿ ರಿಂಗ್ ತೆಗೆದರು, ಇಂಜೆಕ್ಷನ್ ಕೊಟ್ಟರು. ಜ್ವರ ಇಳಿದಂತೆ ಚೀರಾಟವೂ ನಿಂತಿತು. ವಾಪಸ್ ಬಂದ ಈರಮ್ಮ ಹೊರಗಿನ ಕಲ್ಲುಬೆಂಚಿನ ಮೇಲೆ ಎರಡೂ ತೊಡೆ ಊರಿ ನೆಟ್ಟಗೆ ಕುಳಿತು, ಒಂದೇ ಮಾತು ಕೇಳಿದಳು: “ಆ ಶಂಕ್ರಪ್ಪ ಎಲ್ಲಿದ್ದಾನ್ರಿ?”

ನಾನು ಕಾಯಲು ಹೇಳಿದೆ. ಬಹಳ ಕಾಯಬೇಕಾಗಲಿಲ್ಲ. ಆ ಭಾನುವಾರ ಬಟ್ಟೆ ವ್ಯಾಪಾರಿಯೊಬ್ಬರು ಮೊಮ್ಮಗನ ಹುಟ್ಟುಹಬ್ಬದ ಊಟ ಹಾಕಿಸುವವರಿದ್ದರು, ಟ್ರಸ್ಟ್‌ನ ಅಧ್ಯಕ್ಷರೂ ಬರುವವರಿದ್ದರು. ಬೆಳಿಗ್ಗೆ ಮಾಬುನ್ನಿ ಅಳುಮುಖ ಮಾಡಿಕೊಂಡು ಬಂದು ಸೆರಗಿನ ಗಂಟು ಬಿಚ್ಚಿದಳು. ಗಂಟಿನ ತುಂಬ ಮಾತ್ರೆ. “ಇವತ್ತೊಂದಿನ ಎಲ್ಲಾರಿಗೂ ಹಾಕು, ಸಿಸ್ಟರಮ್ಮಗ ಹೇಳಬ್ಯಾಡ ಅಂದಾರ್ರಿ ಶಂಕ್ರಪ್ಪನೋರು.” ಮಾತ್ರೆಗಳನ್ನು ನನ್ನ ಕೋಟಿನ ಜೇಬಿಗೆ ಹಾಕಿಕೊಂಡೆ. ಬರೀ ಮಜ್ಜಿಗೆಯನ್ನೇ ಲೋಟಗಳಿಗೆ ತುಂಬಿಸಿದೆ. ಈರಮ್ಮನ ಕಿವಿಯಲ್ಲಿ ವಿಷಯ ಹೇಳಿದೆ. ಅವಳು ಬಾಯಿ ತುಂಬ ನಕ್ಕಳು. ಆ ಆಶ್ರಮದಲ್ಲಿ ಅವಳು ನಕ್ಕಿದ್ದನ್ನು ನಾನು ಮೊದಲ ಸಲ ಕಂಡದ್ದು.

ದಾನಿಗಳು, ಅಧ್ಯಕ್ಷರು, ರತ್ನ ಎಲ್ಲ ಸೇರಿದ್ದರು. ಎಲೆ ಹಾಕಿ, ಊಟ ಬಡಿಸುವ ಮೊದಲು ಮಜ್ಜಿಗೆ ಹಂಚಲಾಯಿತು. ಈರಮ್ಮ ಕುಡಿಯಲಿಲ್ಲ. ಲೋಟ ಹಿಡಿದು ಎದ್ದು ಹೋಗಿ ಶಂಕ್ರಪ್ಪನ ಮುಂದೆ ನಿಂತಳು.

“ನಮಗ ದಿನಾ ಕುಡಿಸೀರಿ. ಇವತ್ತು ನನ್ನ ಕೈಲೆ ನೀವು ಕುಡೀರಿ, ಯಜಮಾನ್ರ.”

ವ್ಯಾಪಾರಿಯ ತಾಯಿಗೆ ಕಣ್ಣು ತುಂಬಿ ಬಂತು. “ತೊಗೊಳ್ರಿ ಶಂಕ್ರಪ್ಪ, ಹಿರೇರು ಪ್ರೀತಿಯಿಂದ ಕೊಡ್ತಾರ,” ಎಂದರು. ಶಂಕ್ರಪ್ಪ ನೆಗಡಿ ಎಂದ. ಹೊಟ್ಟೆ ಸರಿಯಿಲ್ಲ ಎಂದ. ಈರಮ್ಮ ಲೋಟವನ್ನು ಅವನ ತುಟಿಗೇ ಒಯ್ದಾಗ ಎರಡು ಹೆಜ್ಜೆ ಹಿಂದೆ ಸರಿದು ಕುರ್ಚಿಗೆ ತಾಗಿ ಕುಳಿತುಬಿಟ್ಟ. ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿತ್ತು. ಆಗ ನಾನು ಜೇಬಿನಿಂದ ಮಾತ್ರೆ ತೆಗೆದು ಅಧ್ಯಕ್ಷರ ಎಲೆಯ ಮೇಲೆ ಸುರಿದು, ಅವು ಏನು, ಯಾರಿಗೆ, ಯಾಕೆ ಎಂದು ಎಲ್ಲ ಹೇಳಿದೆ. 

ಆಮೇಲೆ ನಾನು ಮಾಡಿದ್ದು ಅಗತ್ಯವಿರಲಿಲ್ಲ. ಬೇಕೆಂದೇ ಮಾಡಿದೆ. ಸ್ಟೆಥಾಸ್ಕೋಪನ್ನು ಅವನ ಎದೆಗಿಟ್ಟು, ಎಲ್ಲರಿಗೂ ಕೇಳುವಂತೆ, “ಎದೆ ಜೋರಾಗಿ ಹೊಡ್ಕೊತೈತೆ ಶಂಕ್ರಪ್ಪನೋರೆ. ರೋಗ ಅಲ್ಲ, ಭಯ. ಇದಕ್ಕೆ ಮಾತ್ರೆ ಬ್ಯಾಡ,” ಎಂದೆ.

ಅಷ್ಟರಲ್ಲಿ ರತ್ನ ಎದ್ದು ಬಂದಳು. ತಾಯಿಯ ಕೈಯಿಂದ ಲೋಟ ಕಸಿದುಕೊಂಡಳು. ಅದರಲ್ಲಿ ಏನೂ ಇಲ್ಲವೆಂದು ಅವಳಿಗೆ ಗೊತ್ತಿರಲಿಲ್ಲ. “ನೀ ಕುಡಿದಿದ್ದು ನಾನೂ ಕುಡೀತೀನವ್ವಾ,” ಎಂದು ಒಂದೇ ಉಸಿರಿಗೆ ಗಟಗಟ ಕುಡಿದು, ಖಾಲಿ ಲೋಟ ಎದೆಗವಚಿಕೊಂಡು ಅತ್ತಳು. ಈರಮ್ಮ ಅವಳನ್ನು ಸ್ವಲ್ಪ ಹೊತ್ತು ಅಳಲು ಬಿಟ್ಟಳು. ತಕ್ಷಣ ಕ್ಷಮಿಸಿಬಿಡುವಷ್ಟು ಅವಳೂ ದೊಡ್ಡ ಮನಸ್ಸಿನವಳಲ್ಲ. ಆಮೇಲೆ ನೀಲಿ ಬೆರಳುಗಳನ್ನು ಹಿಡಿದುಕೊಂಡು ಕೇಳಿದಳು: “ಉಪ್ಪು ಕಡಿಮಿ ಆಗಿತ್ತೇನು?”

ಶಂಕ್ರಪ್ಪನನ್ನು ತೆಗೆದರು. ಇನ್ನಿಬ್ಬರು ಆಯಾಗಳು ಬಂದರು. ನನ್ನ ಹುದ್ದೆ ಉಳಿಯಿತು. ನಾನು ನಿವೃತ್ತಿಯಾದ ಮೇಲೂ ಅಲ್ಲಿ ನರ್ಸ್ ಪ್ರಾಕ್ಟೀಷನರ್ ಇದ್ದಾಳೆ. ಹೊಸದಾಗಿ ಬರುವ ಹುಡುಗಿಯರಿಗೆ ನಾನು ಹೇಳುವುದಿಷ್ಟೆ: ಮುದುಕಿಗೆ ಹುಚ್ಚು ಎಂದು ಯಾರಾದರೂ ಹೇಳಿದರೆ ಮೊದಲು ಪರದೆ ಎಳೆ, ಕೇಳು, ಮುಟ್ಟಿ ನೋಡು.

ಶಂಕ್ರಪ್ಪ ಈಗ ಕೋಲೂರಿ ನಡೆಯುತ್ತಾನೆ, ಸಂತೆಯಲ್ಲಿ ನನ್ನನ್ನು ಕಂಡರೆ ಆಚೆ ಬದಿಗೆ ಹೋಗುತ್ತಾನೆ. ಅವನೂ ಒಂದು ದಿನ ಯಾವುದೋ ಆಶ್ರಮ ಸೇರಬಹುದು. ಅಲ್ಲಿ ಅವನನ್ನು ಮುಟ್ಟಿ ನೋಡುವ ನರ್ಸ್ ಇರಲಿ, ಅವನ ನೋವು ಯಾರಿಗಾದರೂ ಕೇಳಿಸಲಿ. ಆದರೆ ಮಧ್ಯಾಹ್ನ ಮಜ್ಜಿಗೆ ಲೋಟ ಕೈಗೆ ಬಂದಾಗಲೆಲ್ಲ ಅವನು ಕುಡಿಯುವ ಮೊದಲು ಒಂದು ಗಳಿಗೆ ಅದರೊಳಗೆ ಇಣುಕಿ ನೋಡಲಿ.